ಚಿರೆಕಲ್ಲಿನ ನೆಲದಲ್ಲಿ ಶಿಲಾಯುಗ ಹುಡುಕುವ ಕೆಲಸ

ಪಿಯುಸಿ ಮುಗಿಸಿದ ಹುಡುಗಿ ಪುರಾತತ್ವ ಓದ್ತೇನೆ ಅಂದರೆ ಶಿರಸಿ ಕಡೆಯ ಮನೆಗಳಲ್ಲಿ ಮೊದಲು ಬರುವ ಪ್ರಶ್ನೆ, “ಅದೆಲ್ಲ ಓದಿ ಎಂತ ಮಾಡ್ತೆ ತಂಗಿ?” ಕೇಳುವುದು ಸಹಜವೇ. ಡಾಕ್ಟರು, ಇಂಜಿನಿಯರು ಏನು ಮಾಡುತ್ತಾರೆ ಅಂತ ಎಲ್ಲರಿಗೂ ಗೊತ್ತು. ಪುರಾತತ್ವದವರು ಅಂದರೆ ಹೊಂಡ ತೋಡಿ ಚಿನ್ನದ ನಾಣ್ಯ ತೆಗೆಯುವವರು, ಇಲ್ಲವೇ ಹಳೇ ದೇವಸ್ಥಾನದ ಮುಂದೆ ನೀಲಿ ಬೋರ್ಡು ನಿಲ್ಲಿಸುವವರು ಅನ್ನುವಷ್ಟೇ ನಮ್ಮ ತಿಳಿವಳಿಕೆ. ಅದರಲ್ಲೂ ಇತಿಹಾಸಪೂರ್ವ ಕಾಲದ ಮೇಲೆ ಕೆಲಸ ಮಾಡುವವರಿಗೆ ಚಿನ್ನವೂ ಸಿಗುವುದಿಲ್ಲ, ಶಾಸನವೂ ಸಿಗುವುದಿಲ್ಲ. ಕಲ್ಲಿನ ಚಕ್ಕೆ, ಮಡಕೆ ಚೂರು, ಇದ್ದಿಲು, ಮಣ್ಣಿನ ಬಣ್ಣ, ಇಷ್ಟರಲ್ಲೇ ಲಕ್ಷಾಂತರ ವರ್ಷಗಳ ಬದುಕನ್ನು ಓದಬೇಕು. ಉತ್ತರ ಕನ್ನಡದಲ್ಲಿ ಈ ಓದು ಬಯಲುಸೀಮೆಗಿಂತ ಬಹಳ ಕಷ್ಟ. ಹಾಗಾಗಿಯೇ ಬೆಟ್ಟ, ಬೇಣ (ಹುಲ್ಲುಗಾವಲು), ಹೊಳೆ, ಗಜನಿ (ಉಪ್ಪುನೀರು ನುಗ್ಗುವ ತಗ್ಗು ಗದ್ದೆ) ಗೊತ್ತಿರುವ ಇಲ್ಲಿನ ಮಕ್ಕಳು ಈ ಕೆಲಸಕ್ಕೆ ಬರಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಬರವಣಿಗೆ ಶುರುವಾಗುವ ಮೊದಲಿನ ಕಾಲವೆಲ್ಲ ಇತಿಹಾಸಪೂರ್ವ. ಕರ್ನಾಟಕದ ಮಟ್ಟಿಗೆ ಆ ಗೆರೆ ಎಲ್ಲಿದೆ ಅಂತ ಹೇಳುವುದು ಸುಲಭ. ಮಸ್ಕಿ, ಬ್ರಹ್ಮಗಿರಿ, ಸನ್ನತಿಗಳಲ್ಲಿ ಸಿಕ್ಕ ಅಶೋಕನ ಶಾಸನಗಳು ಕ್ರಿ.ಪೂ. 3ನೇ ಶತಮಾನದವು. ಅಂದರೆ ಓದಲು ಸಿಗುವ ಬರಹ ನಮಗಿರುವುದು ಹೆಚ್ಚೂಕಡಿಮೆ 2,300 ವರ್ಷಗಳದ್ದು. ಇನ್ನೊಂದು ಕಡೆ, ಯಾದಗಿರಿ ಜಿಲ್ಲೆಯ ಇಸಾಂಪುರದಲ್ಲಿ ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯ ಮತ್ತು ಅವರ ತಂಡ ಅಗೆದ, ಆದಿಮಾನವರು ಕಲ್ಲಿನ ಆಯುಧ ಮಾಡುತ್ತಿದ್ದ ಜಾಗವಿದೆ. ಅಲ್ಲಿ ಸಿಕ್ಕ ಪ್ರಾಣಿಗಳ ಹಲ್ಲನ್ನು ಪರೀಕ್ಷಿಸಿ ಅದರ ವಯಸ್ಸು ಸುಮಾರು 12 ಲಕ್ಷ ವರ್ಷ ಎಂದು ಅಂದಾಜು ಮಾಡಿದ್ದಾರೆ. 12 ಲಕ್ಷ ವರ್ಷದಲ್ಲಿ 2,300 ವರ್ಷಕ್ಕೆ ಮಾತ್ರ ಅಕ್ಷರದ ಸಾಕ್ಷಿ. ಉಳಿದದ್ದಕ್ಕೆಲ್ಲ ಕಲ್ಲು, ಮಣ್ಣು, ಮೂಳೆಗಳೇ ಸಾಕ್ಷಿ.

ನಮ್ಮ ದೇಶದಲ್ಲಿ ಈ ವಿದ್ಯೆ ಶುರುವಾಗಿದ್ದು ಒಬ್ಬ ಭೂವಿಜ್ಞಾನಿಯಿಂದ. ರಾಬರ್ಟ್ ಬ್ರೂಸ್ ಫೂಟ್ 1863ರ ಮೇ 30ರಂದು ಮದ್ರಾಸಿನ ಹತ್ತಿರದ ಪಲ್ಲಾವರಂನಲ್ಲಿ ಹಳೆಯ ಶಿಲಾಯುಗದ ಆಯುಧವೊಂದನ್ನು ಗುರುತಿಸಿದರು. ಆಮೇಲೆ ಬಳ್ಳಾರಿ, ರಾಯಚೂರು ಕಡೆಗಳಲ್ಲೂ ಓಡಾಡಿ ಎಷ್ಟೋ ನೆಲೆಗಳನ್ನು ಪತ್ತೆ ಮಾಡಿದರು. ನೆಲದ ಪದರ, ಹೊಳೆ ಜಾಗ ಬದಲಿಸಿದ ಗುರುತು, ಕಲ್ಲಿನ ಜಾತಿ ಇವೆಲ್ಲ ಅವರಿಗೆ ಗೊತ್ತಿದ್ದವು. ಹಾಗಾಗಿ ಉಳಿದವರಿಗೆ ಬರೀ ಕಲ್ಲಾಗಿ ಕಂಡದ್ದು ಅವರಿಗೆ ಆಯುಧವಾಗಿ ಕಂಡಿತು. ಇವತ್ತಿಗೂ ಈ ಕ್ಷೇತ್ರಕ್ಕೆ ಬರುವವರು ಅರ್ಧ ಭೂವಿಜ್ಞಾನ ಕಲಿಯಲೇಬೇಕು.

ಕಂಡ ಕಲ್ಲು ಆಯುಧ ಹೌದೋ ಅಲ್ಲವೋ ಅಂತ ತಿಳಿಯುವುದು ಹೇಗೆ? ಒಂದು ಚಕ್ಕೆಯನ್ನು ಅಂಗೈಯಲ್ಲಿ ಇಟ್ಟುಕೊಂಡು ನೋಡೋಣ. ಮನುಷ್ಯ ಒಂದು ಕಲ್ಲಿನ ಅಂಚಿಗೆ ಇನ್ನೊಂದು ಕಲ್ಲಿನಿಂದ ಹೊಡೆದು ಚಕ್ಕೆ ಎಬ್ಬಿಸಿದಾಗ, ಪೆಟ್ಟು ಬಿದ್ದ ಜಾಗ ಸಣ್ಣ ಚಪ್ಪಟೆ ಅಂಚಾಗಿ ಚಕ್ಕೆಯಲ್ಲೇ ಉಳಿಯುತ್ತದೆ. ಅದರ ಕೆಳಗೆ, ಒಳಮೈಯಲ್ಲಿ, ಬೆರಳಿಟ್ಟರೆ ತಿಳಿಯುವಂಥ ಒಂದು ಉಬ್ಬು ಇರುತ್ತದೆ. ಆ ಉಬ್ಬಿನಿಂದ ಅಲೆಅಲೆಯಾಗಿ ಗೆರೆಗಳು ಹರಡಿರುತ್ತವೆ. ಹೊರಮೈ ತಿರುಗಿಸಿದರೆ ಅದಕ್ಕೂ ಮೊದಲು ಎದ್ದುಹೋದ ಚಕ್ಕೆಗಳ ಗುರುತು ಕಾಣುತ್ತದೆ. ಅವು ಒಂದೇ ಕಡೆಯಿಂದ, ಒಂದಾದ ಮೇಲೊಂದು ಎದ್ದಿದ್ದರೆ ಅಲ್ಲಿ ಕೈಯ ಕೆಲಸ ಇದೆ ಅಂತ ಅನುಮಾನ ಪಡಬಹುದು. ಹೊಳೆಯಲ್ಲಿ ಉರುಳಿ ಒಡೆದ ಕಲ್ಲಿನಲ್ಲೂ ಚಕ್ಕೆ ಏಳುತ್ತದೆ, ಆದರೆ ಗೊತ್ತುಗುರಿ ಇಲ್ಲದೆ ಎಲ್ಲ ದಿಕ್ಕಿನಿಂದಲೂ ಏಳುತ್ತದೆ.

ನಮ್ಮ ಕಡೆ ಇನ್ನೊಂದು ತೊಡಕು. ಇಲ್ಲಿ ಸುಲಭವಾಗಿ ಸಿಗುವುದು ಬೆಣಚುಕಲ್ಲು. ಅದು ಒಡೆಯುವಾಗ ಪುಡಿಯಾಗುವುದೇ ಜಾಸ್ತಿ. ಉಬ್ಬು, ಅಲೆ ಒಂದೂ ಸರಿಯಾಗಿ ಮೂಡುವುದಿಲ್ಲ. ಬೆಣಚುಕಲ್ಲಿನಲ್ಲಿ ಮಾಡಿದ ಸೂಕ್ಷ್ಮ ಶಿಲಾಯುಧಗಳು ಎರಡು ಮೂರು ಸೆಂಟಿಮೀಟರ್ ಉದ್ದ ಇದ್ದರೆ ಹೆಚ್ಚು. ಮರದ ಇಲ್ಲವೇ ಮೂಳೆಯ ಹಿಡಿಗೆ ಸಾಲಾಗಿ ಕೂರಿಸಿ ಅವನ್ನು ಬಾಣ, ಚೂರಿ, ಕುಡುಗೋಲಿನ ಹಾಗೆ ಬಳಸುತ್ತಿದ್ದರು. ರಸ್ತೆಗೆ ಹಾಕಿದ ಜಲ್ಲಿಯ ನಡುವೆ ಇಂಥದ್ದೊಂದು ಬಿದ್ದಿದ್ದರೆ ತರಬೇತಿ ಇಲ್ಲದ ಕಣ್ಣು ಅದನ್ನು ದಾಟಿಕೊಂಡೇ ಹೋಗುತ್ತದೆ.

ಕಲ್ಲು ಗುರುತಿಸಿದರೂ ಕೆಲಸ ಮುಗಿಯಲಿಲ್ಲ. ಅದು ಎಲ್ಲಿ ಬಿದ್ದಿತ್ತು, ಯಾವ ಪದರದಲ್ಲಿತ್ತು, ಪಕ್ಕದಲ್ಲಿ ಏನಿತ್ತು ಅನ್ನುವುದು ಕಲ್ಲಿಗಿಂತ ಮುಖ್ಯ. ಅಡಿಕೆ ತೋಟದ ಗೊಬ್ಬರಗುಂಡಿ ನೋಡಿದವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ಸೊಪ್ಪು, ಸಗಣಿ, ದರಕು (ಒಣಗಿ ಉದುರಿದ ಎಲೆ) ಒಂದರ ಮೇಲೊಂದು ಬೀಳುತ್ತವೆ. ತಳದ್ದು ಹಳತು, ಮೇಲಿನದು ಹೊಸತು. ನಡುವೆ ಯಾರಾದರೂ ಹಾರೆ ಹಾಕಿ ಹೊಂಡ ಮಾಡಿದರೆ ಮೇಲಿನದು ತಳಕ್ಕೆ ಸೇರಿ ಲೆಕ್ಕ ತಪ್ಪುತ್ತದೆ. ನೆಲವೂ ಹಾಗೆಯೇ. ಇಲಿ ಬಿಲ, ಮರದ ಬೇರು, ಹಳೇ ಕಂಬದ ಕುಳಿ ಎಲ್ಲ ಪದರಗಳನ್ನು ಕಲಸಿಬಿಡುತ್ತವೆ. ಮಣ್ಣಿನ ಬಣ್ಣ ಎಲ್ಲಿ ಬದಲಾಯಿತು, ಎಲ್ಲಿ ಸಡಿಲವಾಯಿತು ಅನ್ನುವುದನ್ನು ಕರಣಿಯ ತುದಿಯಿಂದಲೇ ಗುರುತಿಸಬೇಕು.

ಅದಕ್ಕಾಗಿಯೇ ಉತ್ಖನನದಲ್ಲಿ ನೆಲವನ್ನು ಚೌಕಗಳಾಗಿ ಭಾಗ ಮಾಡಿ, ಚೌಕಗಳ ನಡುವೆ ಅಗೆಯದ ಮಣ್ಣಿನ ಗೋಡೆ ಬಿಡುತ್ತಾರೆ. ಆ ಗೋಡೆಯ ಮೈಯಲ್ಲಿ ಪದರಗಳೆಲ್ಲ ಒಟ್ಟಿಗೆ ಕಾಣುತ್ತವೆ. ಪುರಾತತ್ವಜ್ಞ ಮಾರ್ಟಿಮರ್ ವೀಲರ್ 1947ರಲ್ಲಿ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯನ್ನು ಪದರ ಪದರವಾಗಿ ಅಗೆದು, ನವಶಿಲಾಯುಗದ ಮೇಲೆ ಬೃಹತ್ ಶಿಲಾಯುಗ (ದೊಡ್ಡ ಕಲ್ಲುಗಳಿಂದ ಸಮಾಧಿ ಕಟ್ಟುತ್ತಿದ್ದ ಕಾಲ), ಅದರ ಮೇಲೆ ಶಾತವಾಹನರ ಕಾಲ ಎಂದು ದಕ್ಷಿಣ ಭಾರತಕ್ಕೊಂದು ಕಾಲಕ್ರಮ ಕಟ್ಟಿದರು. ಅಗೆದ ಮಣ್ಣನ್ನು ಸುಮ್ನೆ ಎಸೆಯುವುದಿಲ್ಲ. ಜರಡಿ ಹಿಡಿಯುತ್ತಾರೆ. ಸ್ವಲ್ಪ ಮಣ್ಣನ್ನು ನೀರಿಗೆ ಹಾಕಿ ಕದಡಿದರೆ ಸುಟ್ಟು ಕರಿದಾದ ಕಾಳುಗಳು ಮೇಲೆ ತೇಲುತ್ತವೆ. ಯಾರೋ ಸಾವಿರಾರು ವರ್ಷದ ಹಿಂದೆ ಒಲೆಯ ಹತ್ತಿರ ಚೆಲ್ಲಿದ ಹುರುಳಿ, ರಾಗಿಜಾತಿಯ ಕಾಳು ಹೀಗೆ ಕೈಗೆ ಸಿಗುತ್ತವೆ. ನನಗೆ ಈ ಇಡೀ ವಿದ್ಯೆಯಲ್ಲಿ ಅತ್ಯಂತ ಇಷ್ಟವಾಗುವುದು ಈ ಕಾಳು ತೇಲಿಸುವ ಕೆಲಸ. ರಾಜರ ಹೆಸರು ಶಾಸನದಲ್ಲಿ ಉಳಿಯುತ್ತದೆ. ಅಡುಗೆ ಮಾಡಿದವರ ಗುರುತು ಉಳಿಯುವುದು ಇಂಥ ಕಡೆ ಮಾತ್ರ.

ವಯಸ್ಸು ಹೇಳುವುದಕ್ಕೆ ಬೇರೆ ಬೇರೆ ದಾರಿಗಳಿವೆ. ಇದ್ದಿಲು, ಕಾಳು, ಮೂಳೆ ಸಿಕ್ಕರೆ ರೇಡಿಯೋ ಕಾರ್ಬನ್. ಜೀವ ಇದ್ದಾಗ ಸೇರಿಕೊಂಡ ಒಂದು ಬಗೆಯ ಇಂಗಾಲ ಸತ್ತ ಮೇಲೆ ನಿಧಾನವಾಗಿ ಕರಗುತ್ತ ಹೋಗುತ್ತದೆ. ಪ್ರತಿ 5,730 ವರ್ಷಕ್ಕೆ ಅರ್ಧವಾಗುತ್ತದೆ. ಉಳಿದಿದ್ದನ್ನು ಅಳೆದರೆ ವಯಸ್ಸು ತಿಳಿಯುತ್ತದೆ. ಸುಮಾರು 50 ಸಾವಿರ ವರ್ಷಕ್ಕಿಂತ ಹಳೆಯದಾದರೆ ಅಳೆಯುವುದಕ್ಕೆ ಏನೂ ಉಳಿದಿರುವುದಿಲ್ಲ. ಆಗ ಮರಳಿನ ಕಣ ಕೊನೇ ಸಲ ಬಿಸಿಲು ಕಂಡದ್ದು ಯಾವಾಗ ಅಂತ ಹೇಳುವ ವಿಧಾನ ನೆರವಿಗೆ ಬರುತ್ತದೆ. ಆ ಮಾದರಿಗಳನ್ನು ಬೆಳಕು ತಾಗದಂತೆ ಕೊಳವೆಯಲ್ಲಿ ತುಂಬಿ ಮುಚ್ಚಿ ಪ್ರಯೋಗಾಲಯಕ್ಕೆ ಒಯ್ಯಬೇಕು. ಒಂದು ಕ್ಷಣ ಬಿಸಿಲು ಬಿದ್ದರೂ ಲೆಕ್ಕ ಕೆಟ್ಟಿತು.

ಇನ್ನು ನಮ್ಮ ನೆಲದ ವಿಷಯಕ್ಕೆ ಬರೋಣ. ಬಳ್ಳಾರಿಯ ಸಂಗನಕಲ್ಲು, ಕೊಪ್ಪಳದ ಹಿರೇಬೆಣಕಲ್, ಹಾವೇರಿ ಜಿಲ್ಲೆಯ ಹಳ್ಳೂರು ಹೀಗೆ ಬಯಲುಸೀಮೆಯಲ್ಲಿ ಹೆಸರಾದ ನೆಲೆಗಳು ಒಂದರ ಹಿಂದೊಂದು. ಘಟ್ಟ ದಾಟಿ ಕುಮಟಾ, ಅಂಕೋಲಾ, ಕಾರವಾರಕ್ಕೆ ಬಂದರೆ ಇಷ್ಟು ಉದ್ದದ ಪಟ್ಟಿ ಇಲ್ಲ. ಹಾಗಂತ ಇಲ್ಲಿ ಜನರೇ ಇರಲಿಲ್ಲ ಅಂತ ಹೇಳುವುದು ತಪ್ಪು. ಉಳಿದಿಲ್ಲ, ಕಾಣುತ್ತಿಲ್ಲ, ಹುಡುಕಿದ್ದು ಕಡಿಮೆ, ಇವು ಮೂರೂ ಬೇರೆ ಬೇರೆ ಮಾತು.

ಉಳಿಯದೇ ಇರುವುದಕ್ಕೆ ಮಣ್ಣೇ ಕಾರಣ. ಕರಾವಳಿಯಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗೂ ಜಾಸ್ತಿ ಮಳೆ. ಲಕ್ಷಾಂತರ ವರ್ಷ ಇಂಥ ಮಳೆ ಸುರಿದರೆ ಕಲ್ಲಿನೊಳಗಿನ ಸುಣ್ಣದ ಅಂಶ ತೊಳೆದುಹೋಗಿ ಕಬ್ಬಿಣ, ಅಲ್ಯುಮಿನಿಯಂ ಉಳಿಯುತ್ತವೆ. ನಾವು ಮನೆ ಕಟ್ಟುವ ಚಿರೆಕಲ್ಲು ಹುಟ್ಟಿದ್ದೇ ಹಾಗೆ. ಈ ಮಣ್ಣು ಆಮ್ಲೀಯ. ಮೂಳೆಯನ್ನು ಕರಗಿಸಿಬಿಡುತ್ತದೆ. ಬಯಲುಸೀಮೆಯಲ್ಲಿ ದನದ ಮೂಳೆ, ಮನುಷ್ಯರ ಅಸ್ಥಿ ಸಿಕ್ಕು ಎಷ್ಟೋ ವಿಷಯ ಗೊತ್ತಾಗುತ್ತದೆ. ಇಲ್ಲಿ ಅಷ್ಟೇ ಹಳೆಯ ಸಮಾಧಿ ತೆರೆದರೂ ಒಳಗೆ ಬರೀ ಮಣ್ಣಿರಬಹುದು.

ಆದರೆ ಜಿಲ್ಲೆಯಲ್ಲಿ ಎಲ್ಲ ಕಡೆ ಒಂದೇ ಕಲ್ಲಿಲ್ಲ ಅನ್ನುವುದನ್ನು ಮರೆಯಬಾರದು. ಯಾಣದ ಬಂಡೆಗಳು, ದಾಂಡೇಲಿ ಕಡೆಯ ಕವಳಾ ಗುಹೆ ಸುಣ್ಣಕಲ್ಲಿನವು. ಸುಣ್ಣಕಲ್ಲು ಮೂಳೆಯನ್ನು ಕಾಪಾಡುತ್ತದೆ. ಆಂಧ್ರದ ಕರ್ನೂಲು ಹತ್ತಿರ ಬಿಲ್ಲಸರ್ಗಂ ಎಂಬ ಸುಣ್ಣಕಲ್ಲಿನ ಗುಹೆಗಳನ್ನು 1880ರ ದಶಕದಲ್ಲಿ ಫೂಟ್ ಮತ್ತು ಅವರ ಮಗ ಅಗೆದಾಗ ರಾಶಿ ರಾಶಿ ಪ್ರಾಣಿಮೂಳೆ ಸಿಕ್ಕವು. ಇತಿಹಾಸಪೂರ್ವ ಓದಿದವರು ಯಾಣಕ್ಕೆ ಹೋದರೆ ಶಿಖರಕ್ಕಿಂತ ಮೊದಲು ಬುಡದ ಗವಿಯ ನೆಲ ನೋಡುವುದು ಈ ಕಾರಣಕ್ಕೆ.

ಇನ್ನು ಕಾಣದೇ ಇರುವುದಕ್ಕೆ ಕಾಡು ಒಂದು ಕಾರಣ, ಸಮುದ್ರ ಇನ್ನೊಂದು. ಸುಮಾರು 20 ಸಾವಿರ ವರ್ಷದ ಹಿಂದೆ ಹಿಮಯುಗ ಗರಿಷ್ಠಕ್ಕೆ ಮುಟ್ಟಿದಾಗ ಸಮುದ್ರದ ಮಟ್ಟ ಈಗಿನದಕ್ಕಿಂತ ಸುಮಾರು 120 ಮೀಟರ್ ಕೆಳಗಿತ್ತು. ಆಗ ದಂಡೆ ಇದ್ದದ್ದು ಈಗಿನ ಕಾರವಾರದಿಂದ ಹತ್ತಾರು ಕಿಲೋಮೀಟರ್ ಪಶ್ಚಿಮಕ್ಕೆ. ಕೂರ್ಮಗಡ, ಅಂಜುದೀವ ಆಗ ನಡುಗಡ್ಡೆಗಳಲ್ಲ, ಬಯಲಿನ ನಡುವಿನ ಗುಡ್ಡಗಳು. ಆ ಕಾಲದಲ್ಲಿ ಮೀನು, ಚಿಪ್ಪು ತಿಂದು ದಂಡೆಯಲ್ಲಿ ಬದುಕಿದವರ ಬಿಡಾರಗಳು ಇದ್ದರೆ ಅವು ಈಗ ನೀರಿನಡಿ. ನೀರು ಈಗಿನ ಮಟ್ಟಕ್ಕೆ ಬಂದದ್ದು ಸುಮಾರು ಆರೇಳು ಸಾವಿರ ವರ್ಷದ ಹಿಂದೆ. ಸಮುದ್ರದಡಿ ಹುಡುಕುವುದೇ ಒಂದು ಪ್ರತ್ಯೇಕ ವಿದ್ಯೆ. ಗೋವಾದ ದೋನಾ ಪಾವುಲದಲ್ಲಿರುವ ರಾಷ್ಟ್ರೀಯ ಸಮುದ್ರವಿಜ್ಞಾನ ಸಂಸ್ಥೆಯಲ್ಲಿ ಅದನ್ನು ಕಟ್ಟಿ ಬೆಳೆಸಿದ್ದು ಕನ್ನಡಿಗರೇ ಆದ ಎಸ್.ಆರ್. ರಾವ್. ಅವರು ಗುಜರಾತಿನಲ್ಲಿ ಸಿಂಧೂ ನಾಗರಿಕತೆಯ ಲೋಥಲ್ ಅಗೆದವರು, ದ್ವಾರಕೆಯ ಕಡಲಲ್ಲಿ ಹುಡುಕಿದವರು. ಕಾರವಾರದ ಮಕ್ಕಳಿಗೆ ಆ ಸಂಸ್ಥೆ ಬೆಂಗಳೂರಿಗಿಂತ ಹತ್ತಿರ.

ಅಘನಾಶಿನಿ ಅಳಿವೆಯ ಗಜನಿ ಗದ್ದೆಗಳ ಕೆಸರು ಇನ್ನೊಂದು ಬಗೆಯ ಕಡತ. ಗಾಳಿಯಾಡದ ಕೆಸರಿನಲ್ಲಿ ಮರ, ಎಲೆ, ಹೂವಿನ ಪರಾಗ ಸಾವಿರಾರು ವರ್ಷ ಕೊಳೆಯದೇ ಉಳಿಯುತ್ತವೆ. ಕೊಳವೆ ಇಳಿಸಿ ಕೆಸರಿನ ಕಂಬ ಮೇಲೆತ್ತಿ, ಪರಾಗ ಎಣಿಸಿದರೆ ಯಾವಾಗ ಕಾಡು ಕಡಿಮೆಯಾಗಿ ಹುಲ್ಲು, ಬೆಳೆ ಜಾಸ್ತಿಯಾಯಿತು ಅಂತ ಹೇಳಬಹುದು. ಬಳಚಿನ ಚಿಪ್ಪಿನ ರಾಶಿ ಕಂಡರೂ ನಿಂತು ನೋಡಬೇಕು. ನದಿ ತಂದು ಹಾಕಿದ ರಾಶಿಯಲ್ಲಿ ದೊಡ್ಡದು, ಸಣ್ಣದು, ಮರಿ ಎಲ್ಲ ಬೆರೆತಿರುತ್ತದೆ. ಮನುಷ್ಯರು ತಿಂದು ಎಸೆದ ರಾಶಿಯಲ್ಲಿ ದೊಡ್ಡ ಚಿಪ್ಪುಗಳೇ ಜಾಸ್ತಿ, ನಡುವೆ ಇದ್ದಿಲು, ಮಡಕೆ ಚೂರು.

ಹುಡುಕಿದ್ದು ಕಡಿಮೆ ಅಂದೆನಲ್ಲ, ಅದಕ್ಕೆ ಗಟ್ಟಿ ಆಧಾರ ಅಕ್ಕಪಕ್ಕದಲ್ಲೇ ಇದೆ. ಗೋವಾದ ಕುಶಾವತಿ ಹೊಳೆಯ ದಂಡೆಯ ಉಸಗಾಳಿಮಳದಲ್ಲಿ ಚಿರೆಕಲ್ಲಿನ ಹಾಸಿನ ಮೇಲೆ ಗೂಳಿ, ಜಿಂಕೆ, ಸುರುಳಿ ಸುರುಳಿಯಾದ ಚಕ್ರಗಳ ಕೆತ್ತನೆ ಇದೆ. 1993ರಲ್ಲಿ ಅದನ್ನು ಪುರಾತತ್ವದವರಿಗೆ ತೋರಿಸಿಕೊಟ್ಟದ್ದು ಊರಿನವರು. ರತ್ನಾಗಿರಿ, ಸಿಂಧುದುರ್ಗದ ಚಿರೆಕಲ್ಲಿನ ಬಯಲುಗಳಲ್ಲಿ ಸ್ಥಳೀಯ ಆಸಕ್ತರು ಊರೂರು ಅಲೆದು, ದನ ಮೇಯಿಸುವವರನ್ನು ಕೇಳಿ ಕೇಳಿ ನೂರಾರು ಚಿತ್ರಗಳನ್ನು ಪತ್ತೆ ಮಾಡಿದರು. ಕೊಂಕಣದ ಈ ನೆಲಚಿತ್ರಗಳು 2022ರಲ್ಲಿ ಯುನೆಸ್ಕೋ ತಾತ್ಕಾಲಿಕ ಪಟ್ಟಿಗೆ ಸೇರಿದವು. ದಕ್ಷಿಣಕ್ಕೆ ಹೋದರೆ ಉಡುಪಿ ಜಿಲ್ಲೆಯ ಬುದ್ಧನಜೆಡ್ಡು, ಅವಲಕ್ಕಿಪಾರೆಗಳಲ್ಲೂ ಬಂಡೆಯ ಕೆತ್ತನೆಗಳಿವೆ. ಉತ್ತರಕ್ಕೂ ಇದೆ, ದಕ್ಷಿಣಕ್ಕೂ ಇದೆ. ನಡುವೆ ಇರುವ ನಮ್ಮ ಜಿಲ್ಲೆಯಲ್ಲೂ ಅದೇ ಚಿರೆಕಲ್ಲಿನ ಹಾಸು, ಅದೇ ಬೇಣ. ಕೆತ್ತಿದವರು ಕಾಳಿ ಹೊಳೆಯ ಹತ್ತಿರ ಬಂದು ನಿಂತುಬಿಟ್ಟರೇ? ನನಗಂತೂ ನಂಬಿಕೆ ಬರುವುದಿಲ್ಲ. ಹಾಸಿನ ಮೇಲೆ ಪಾಚಿ, ಹುಲ್ಲು ಕಟ್ಟಿದ ಕೆತ್ತನೆ ಕಾಣಬೇಕಾದರೆ ಬೆಳಿಗ್ಗೆ ಇಲ್ಲವೇ ಸಂಜೆಯ ಓರೆಬಿಸಿಲಿನಲ್ಲಿ ನಡೆಯಬೇಕು. ಆ ಹೊತ್ತಿನಲ್ಲಿ ಅಲ್ಲಿ ಓಡಾಡುವವರು ಹೊರಗಿನ ವಿದ್ವಾಂಸರಲ್ಲ, ನಮ್ಮ ಊರಿನವರೇ. ಚಿರೆಕಲ್ಲಿನ ಕ್ವಾರಿಗಳು ಹಾಸನ್ನು ದಿನದಿನಕ್ಕೂ ಕತ್ತರಿಸುತ್ತಿರುವುದರಿಂದ ಇದಕ್ಕೆ ಅವಸರವೂ ಇದೆ.

ಇಂಥ ಕೆತ್ತನೆಗಳ ಕಾಲದ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ತೆರೆದ ಬಂಡೆಯ ಮೇಲೆ ಮಣ್ಣಿನ ಪದರವೇ ಇಲ್ಲ, ಇದ್ದಿಲೂ ಇಲ್ಲ. ಚಿತ್ರದಲ್ಲಿ ಯಾವ ಪ್ರಾಣಿ ಇದೆ, ಹತ್ತಿರದಲ್ಲಿ ಯಾವ ಕಾಲದ ಆಯುಧ ಸಿಕ್ಕಿದೆ ಅನ್ನುವುದರ ಮೇಲೆ ಅಂದಾಜು ಕಟ್ಟಬೇಕಾಗುತ್ತದೆ.

ಪಾರಂಪರಿಕ ತಾಣಗಳ ಕೆಲಸ ಇದಕ್ಕಿಂತ ಬೇರೆ. ಇಲ್ಲಿ ಹುಡುಕುವುದಕ್ಕಿಂತ ಉಳಿಸುವುದು ದೊಡ್ಡದು. ಬನವಾಸಿಯ ಮಧುಕೇಶ್ವರ ದೇವಸ್ಥಾನದಲ್ಲಿ ಐದು ಹೆಡೆಯ ನಾಗರಕಲ್ಲು ಇದೆ, ನೋಡಿರುತ್ತೀರಿ. ಅದರ ಅಂಚಿನಲ್ಲಿ ಬ್ರಾಹ್ಮೀ ಲಿಪಿಯ ಪ್ರಾಕೃತ ಬರಹ. ಕದಂಬರಿಗಿಂತ ಮೊದಲು ಇಲ್ಲಿ ಆಳಿದ ಚುಟುವಂಶದ ಕಾಲದ್ದು. ನಾಗ, ಕೆರೆ, ವಿಹಾರ ಮಾಡಿಸಿದ ವಿಷಯದ ಜೊತೆಗೆ ಕೆತ್ತಿದ ಶಿಲ್ಪಿಯ ಹೆಸರೂ ಇದೆ, ನಟಕ. ಹದಿನೆಂಟು ಶತಮಾನದಷ್ಟು ಹಿಂದಿನ ಕುಶಲಕರ್ಮಿಯ ಹೆಸರು ನಮ್ಮ ಜಿಲ್ಲೆಯಲ್ಲಿ ಹೀಗೆ ಉಳಿದಿದೆ. ಊರಿನ ಮಣ್ಣಿನಡಿ ಶಾತವಾಹನರ ಕಾಲದ ಇಟ್ಟಿಗೆ ಕಟ್ಟಡಗಳಿರುವುದು 1970ರ ಆಸುಪಾಸಿನ ಉತ್ಖನನದಲ್ಲಿ ಗೊತ್ತಾಯಿತು. ಹತ್ತಿರದ ಗುಡ್ನಾಪುರದಲ್ಲಿ ಕದಂಬ ರವಿವರ್ಮನ ಕಂಬಶಾಸನ ಇದೆ. ಬನವಾಸಿ ಇವತ್ತಿಗೂ ಜನ ವಾಸ ಮಾಡುವ ಊರು. ಮನೆಯ ಪಾಯ, ಬಾವಿ, ಶೌಚಾಲಯದ ಗುಂಡಿ ಎಲ್ಲವೂ ಹಳೆಯ ಪದರವನ್ನು ಸೀಳಿಕೊಂಡೇ ಇಳಿಯುತ್ತವೆ. ಸಂರಕ್ಷಿತ ಸ್ಮಾರಕದಿಂದ 100 ಮೀಟರ್ ಒಳಗೆ ಹೊಸ ಕಟ್ಟಡ ಕಟ್ಟುವಂತಿಲ್ಲ, ಅದರಾಚೆ ಇನ್ನೂ 200 ಮೀಟರ್‌ನಲ್ಲಿ ಅನುಮತಿ ಬೇಕು ಅನ್ನುವುದು 2010ರ ಕೇಂದ್ರ ಕಾನೂನು ತಿದ್ದುಪಡಿ. ಊರಿನವರಿಗೆ ಇದು ಕಷ್ಟ ಕೊಡುತ್ತದೆ. ಆ ಕಷ್ಟವನ್ನು ಕೂತು ಕೇಳದೆ ಬರೀ ನೋಟಿಸು ಕೊಡುವ ಅಧಿಕಾರಿ ಯಾವ ತಾಣವನ್ನೂ ಉಳಿಸಲಾರ.

ಕುಮಟಾ ಹತ್ತಿರದ ಮಿರ್ಜಾನ ಕೋಟೆ ಇನ್ನೊಂದು ಪಾಠ. ಅಲ್ಲಿ ಅಗೆದಾಗ ಸಿಕ್ಕ ಚೀನಾದ ಪಿಂಗಾಣಿ ಚೂರುಗಳು ಕಾಳುಮೆಣಸಿನ ವ್ಯಾಪಾರ ಎಷ್ಟು ದೂರದವರೆಗೆ ಚಾಚಿತ್ತು ಅಂತ ತೋರಿಸುತ್ತವೆ. ಕೋಟೆಯ ಗೋಡೆ ಚಿರೆಕಲ್ಲಿನದು. ಚಿರೆಕಲ್ಲು ಮಳೆಗಾಲದಲ್ಲಿ ನೀರು ಕುಡಿಯುತ್ತದೆ, ಬೇಸಿಗೆಯಲ್ಲಿ ಬಿಡುತ್ತದೆ. ಸುಣ್ಣದ ಗಾರೆ ಆ ನೀರು ಹೊರಗೆ ಹೋಗಲು ಬಿಡುತ್ತದೆ. ಸಂದಿಗೆ ಸಿಮೆಂಟು ತುಂಬಿದರೆ ನೀರಿಗೆ ದಾರಿಯಿಲ್ಲ. ಒಳಗಿನ ಉಪ್ಪು ಕಲ್ಲಿನ ಮೈಯಲ್ಲೇ ಹರಳುಗಟ್ಟಿ ಕಲ್ಲು ಪದರ ಪದರವಾಗಿ ಉದುರುತ್ತದೆ. ಒಳ್ಳೇ ಮನಸ್ಸಿನಿಂದ ಮಾಡಿದ ರಿಪೇರಿಯೇ ಹಾಳು ಮಾಡುವುದು ಹೀಗೆ. ನಮ್ಮ ಊರುಗಳ ಹಳೇ ಗುಡಿಗಳ ಜೀರ್ಣೋದ್ಧಾರದಲ್ಲೂ ಇದೇ ಆಗುತ್ತಿದೆ, ಮೇಲಿಂದ ಎನಾಮಲ್ ಪೇಂಟು, ಟೈಲ್ಸು ಬೇರೆ.

ಊರಂಚಿನಲ್ಲಿ ಮಾಸ್ತಿ, ಜಟಕ, ಹುಲಿದೇವರು ಅಂತ ಪೂಜೆ ಪಡೆಯುವ ಕಲ್ಲುಗಳಲ್ಲಿ ಎಷ್ಟೋ ವೀರಗಲ್ಲು, ಮಾಸ್ತಿಕಲ್ಲುಗಳು. ಅಲ್ಲಿಗೆ ಹೋದವರು ಚಪ್ಪಲಿ ಬಿಟ್ಟು, ಊರ ಹಿರಿಯರನ್ನು ಕೇಳಿ, ಎಣ್ಣೆ ಕುಂಕುಮದ ಕೆಳಗಿನ ಕೆತ್ತನೆಯ ಫೋಟೋ ತೆಗೆಯಬೇಕು. ಪೂಜೆ ನಡೆಯುವುದರಿಂದಲೇ ಆ ಕಲ್ಲುಗಳು ಇವತ್ತಿನವರೆಗೆ ಉಳಿದಿವೆ ಅನ್ನುವುದನ್ನು ವಿದ್ಯೆ ಕಲಿತವರು ಗೌರವಿಸಬೇಕು. ಹಂಪಿ ಹತ್ತಿರದ ನಿಂಬಾಪುರದ ಬೂದಿಗುಡ್ಡವನ್ನು ವಾಲಿಯನ್ನು ಸುಟ್ಟ ಜಾಗ ಎಂದು ಜನ ಹೇಳುತ್ತಾರೆ. ಅಂಥ ಬೂದಿಗುಡ್ಡಗಳು ನವಶಿಲಾಯುಗದವರು ಸುಟ್ಟ ಸಗಣಿಯ ರಾಶಿ ಅಂತ ವಿಜ್ಞಾನ ಹೇಳುತ್ತದೆ. ಅಲ್ಲಿ ಏನೋ ಸುಟ್ಟಿದ್ದು ಹೌದು ಅನ್ನುವಷ್ಟನ್ನು ಜನರ ಕಥೆ ಕಾಪಾಡಿಕೊಂಡು ಬಂದಿತ್ತಲ್ವಾ?

ಓದಿನ ದಾರಿ ಇಷ್ಟೇ. ಪದವಿಯಲ್ಲಿ ಇತಿಹಾಸ ಇದ್ದರೆ ಅನುಕೂಲ. ಭೂವಿಜ್ಞಾನ, ಸಸ್ಯಶಾಸ್ತ್ರ, ರಸಾಯನಶಾಸ್ತ್ರದವರಿಗೂ ಇಲ್ಲಿ ಜಾಗವಿದೆ. ಎಂ.ಎ.ಗೆ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ, ಮೈಸೂರು ವಿಶ್ವವಿದ್ಯಾಲಯ, ಹಂಪಿಯ ಕನ್ನಡ ವಿಶ್ವವಿದ್ಯಾಲಯಗಳಲ್ಲಿ ಪ್ರಾಚೀನ ಇತಿಹಾಸ ಮತ್ತು ಅದಕ್ಕೆ ಸೇರಿದ ವಿಭಾಗಗಳಿವೆ. ಇತಿಹಾಸಪೂರ್ವವೇ ಬೇಕು ಅನ್ನುವವರಿಗೆ ಪುಣೆಯ ಡೆಕ್ಕನ್ ಕಾಲೇಜು, ಬರೋಡಾದ ಎಂ.ಎಸ್. ವಿಶ್ವವಿದ್ಯಾಲಯ ಹೆಸರುವಾಸಿ. ಆಮೇಲೆ ಗ್ರೇಟರ್ ನೋಯ್ಡಾದ ಪಂಡಿತ್ ದೀನದಯಾಳ್ ಉಪಾಧ್ಯಾಯ ಪುರಾತತ್ವ ಸಂಸ್ಥೆಯಲ್ಲಿ ಎರಡು ವರ್ಷದ ಡಿಪ್ಲೊಮಾ ಇದೆ. ಕೆಲಸ ಸಿಗುವುದು ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯಲ್ಲಿ, ರಾಜ್ಯದ ಪುರಾತತ್ವ, ಸಂಗ್ರಹಾಲಯಗಳು ಮತ್ತು ಪರಂಪರೆ ಇಲಾಖೆಯಲ್ಲಿ, ವಸ್ತುಸಂಗ್ರಹಾಲಯಗಳಲ್ಲಿ, ನೆಟ್ (ಅಧ್ಯಾಪಕರ ಅರ್ಹತಾ ಪರೀಕ್ಷೆ) ಪಾಸಾಗಿ ಕಾಲೇಜುಗಳಲ್ಲಿ, ಇಂಟ್ಯಾಕ್‌ನಂಥ ಸಂರಕ್ಷಣಾ ಸಂಸ್ಥೆಗಳಲ್ಲಿ. ಉತ್ತರ ಕನ್ನಡದ ಕೇಂದ್ರ ಸಂರಕ್ಷಿತ ಸ್ಮಾರಕಗಳು ಸರ್ವೇಕ್ಷಣ ಇಲಾಖೆಯ ಧಾರವಾಡ ವೃತ್ತಕ್ಕೆ ಸೇರುತ್ತವೆ. ಹುದ್ದೆಗಳು ಕಡಿಮೆ, ಮೊದಲ ಕೆಲವು ವರ್ಷ ಪ್ರಾಜೆಕ್ಟಿನ ಮೇಲೆ ಗುತ್ತಿಗೆ ಕೆಲಸವೇ ಗತಿ. ಇದನ್ನು ಮನೆಯವರಿಗೆ ಮೊದಲೇ ಹೇಳಿ ಹೊರಡುವುದು ಒಳ್ಳೆಯದು. ನಕ್ಷೆ ತಂತ್ರಾಂಶ, ಡ್ರೋನ್, ಫೋಟೋಗಳಿಂದ ಮೂರು ಆಯಾಮದ ಚಿತ್ರ ಕಟ್ಟುವುದು ಕಲಿತವರಿಗೆ ಈಗ ಬೇಡಿಕೆ ಜಾಸ್ತಿ. ಶಿರಸಿ ಹತ್ತಿರ ಶಾಲ್ಮಲೆ ಹೊಳೆಯ ಬಂಡೆಗಳಲ್ಲಿರುವ ಸಹಸ್ರಲಿಂಗದ ಕೆತ್ತನೆಗಳನ್ನು ಪ್ರತಿ ಮಳೆಗಾಲ ಸವೆಸುತ್ತದೆ. ಎಷ್ಟು ಸವೆಯಿತು ಅಂತ ವರ್ಷ ವರ್ಷ ಅಳೆಯುವುದಕ್ಕೆ ಇಂಥ ಚಿತ್ರಗಳೇ ಬೇಕು.

ವರ್ಷದಲ್ಲಿ ಅಗೆಯುವ ಕಾಲ ಹೆಚ್ಚಾಗಿ ಡಿಸೆಂಬರಿನಿಂದ ಏಪ್ರಿಲ್ ತನಕ. ಉಳಿದ ತಿಂಗಳೆಲ್ಲ ಚೂರು ತೊಳೆಯುವುದು, ಪ್ರತಿಯೊಂದರ ಮೇಲೂ ಚೌಕ, ಪದರದ ಸಂಖ್ಯೆ ಬರೆಯುವುದು, ಚಿತ್ರ ಬಿಡಿಸುವುದು, ವರದಿ ಬರೆಯುವುದು. ಅಗೆದ ನೆಲವನ್ನು ಮತ್ತೆ ಅಗೆಯಲು ಬರುವುದಿಲ್ಲವಾದ್ದರಿಂದ ವರದಿ ಬರೆಯದ ಉತ್ಖನನ ನಾಶಕ್ಕೆ ಸಮ. ಪರವಾನಗಿ ಇಲ್ಲದೆ ಅಗೆಯುವುದು ಅಪರಾಧ. ನಿಧಿಯ ಆಸೆಗೆ ರಾತ್ರಿ ಬಸದಿ, ಗುಡಿಗಳ ಪೀಠ ಕೀಳುವವರು ಕದಿಯುವುದು ವಿಗ್ರಹವನ್ನಷ್ಟೇ ಅಲ್ಲ, ಅಲ್ಲಿನ ಪದರಗಳನ್ನೂ. ಅದನ್ನು ಪೊಲೀಸರು ಮರಳಿ ತಂದುಕೊಡಲಾರರು.

ಆದರೆ ನಡೆಯುವುದಕ್ಕೆ, ನೋಡುವುದಕ್ಕೆ ಅಗೆಯುವ ಪರವಾನಗಿ ಬೇಡ. ಮಾಲ್ಕಿ ಜಾಗವಾದರೆ ಯಜಮಾನರನ್ನು, ಕಾಡಾದರೆ ಅರಣ್ಯ ಇಲಾಖೆಯನ್ನು ಕೇಳಿ ಹೋದರಾಯಿತು. ಬೇಣದ ಹುಲ್ಲು ಕೊಯ್ದ ಮೇಲೆ, ಮಳೆ ಹಿಡಿಯುವ ಮೊದಲು, ಇಬ್ಬರು ಮೂವರು ಹತ್ತು ಹೆಜ್ಜೆ ಅಂತರದಲ್ಲಿ ಸಾಲಾಗಿ ನಡೆಯಬೇಕು. ಏನಾದರೂ ಕಂಡರೆ ಎತ್ತಬಾರದು, ತೊಳೆಯಬಾರದು. ಪಕ್ಕದಲ್ಲಿ ಸ್ಕೇಲ್ ಇಟ್ಟು ಫೋಟೋ, ಮೊಬೈಲಿನಲ್ಲಿ ಜಾಗದ ಗುರುತು, ಊರು, ಸರ್ವೆ ನಂಬರು, ತಾರೀಕು ಬರೆದುಕೊಂಡು ಪುರಾತತ್ವ ಇಲಾಖೆಗೋ ಹತ್ತಿರದ ಕಾಲೇಜಿನ ಇತಿಹಾಸ ವಿಭಾಗಕ್ಕೋ ತಿಳಿಸಬೇಕು. ಪಾಯ ತೆಗೆಯುವಾಗ ನಾಣ್ಯ, ವಿಗ್ರಹ ಸಿಕ್ಕರೆ ತಹಶೀಲ್ದಾರರಿಗೆ ಹೇಳಬೇಕು. ಏನೂ ಸಿಗದ ಬೇಣದ ಹೆಸರನ್ನೂ ಪುಸ್ತಕದಲ್ಲಿ ಬರೆದಿಡಬೇಕು. ಎಲ್ಲೆಲ್ಲಿ ನೋಡಿ ಆಗಿದೆ ಅಂತ ಗೊತ್ತಿದ್ದರೆ ಮುಂದಿನವರು ನೋಡದ ಕಡೆಯಿಂದ ಶುರು ಮಾಡುತ್ತಾರೆ.